ಕಾಕಾ ಸುಮ್ಮನಾದ ಜಾಗ

ನಾಲ್ಕು ನೂರು ವರ್ಷ! ಯುದ್ಧ, ಪ್ಲೇಗು, ರಾಜರ ಜಗಳ, ಪಾದ್ರಿಗಳ ಜಗಳ ಎಲ್ಲವನ್ನೂ ದಾಟಿ ಬದುಕಿ ಬಂದಿದ್ದ ಯುರೋಪಿನ ಒಂದು ಹಾಡನ್ನು ಕುಂದಗೋಳದ ಸ್ಟೇಜಿನ ಮೇಲೆ ಒಂದೇ ಉಸಿರಿಗೆ ಮಲಗಿಸಿದವನು ನಾನು. ಬಂದೂಕಿಲ್ಲ, ಮಚ್ಚಿಲ್ಲ, ಬರೀ ಗಂಟಲು. ಸುಳ್ಳು ಅನ್ನಿಸಿದರೆ ಯರಗುಪ್ಪಿಗೆ ಬನ್ನಿ, ಬಸ್‌ಸ್ಟ್ಯಾಂಡಿನ ಬಾಜೂ ಚಹಾದಂಗಡಿಯಲ್ಲಿ ಪ್ರಭು ಯಾರು ಎಂದು ಕೇಳಿ. “ಆ ಖೋಡಿ ಏನ್ರಿ?” ಅನ್ನುತ್ತಾರೆ. ಅದನ್ನು ಬೈಗುಳ ಅಂದುಕೊಳ್ಳಬೇಡಿ, ಅದು ಬಿರುದು. ದೊಡ್ಡವರಿಗೆ ಬಿರುದು ಹೆಸರಿನ ಹಿಂದೆ ಬರುತ್ತದೆ, ನನಗೆ ಹೆಸರಿಗಿಂತ ಮೊದಲೇ ಓಡಿ ಬರುತ್ತದೆ.

ನನ್ನದು ‘ಪ್ರಭು ಸೌಂಡ್ಸ್’. ಮದುವೆ, ಸೀಮಂತ, ಭಾಷಣ, ಭಜನೆ, ಯಾವುದಕ್ಕಾದರೂ ಮೈಕು ಬೇಕೆಂದರೆ ನನ್ನ ಅಂಗಡಿಗೇ ಬರಬೇಕು. ಬಂದವರಿಗೆಲ್ಲ ನಾನು ಶೆಟರ್ ಎತ್ತುತ್ತ ಒಂದು ಡೈಲಾಗ್ ಬಿಡುತ್ತೇನೆ. ಇದು ಯಾವ ಪಿಚ್ಚರಿನದೂ ಅಲ್ಲ, ನನ್ನ ಸ್ವಂತದ್ದು. “ಈ ಏರಿಯಾದಾಗ ಸೌಂಡ್ ಬಂತಂದ್ರ, ಅದು ನನ್ನ ಪರ್ಮಿಶನ್ ತಗೊಂಡ ಬಂದಿರತೈತಿ!” ನನ್ನ ದೋಸ್ತ ಮುನಾಫ್ ಹಿಂದಿನಿಂದ ಬಾಯಿಯಲ್ಲೇ ಡುಮ್ ಡುಮ್ ಅನ್ನುತ್ತಾನೆ. ಅವನ ಸಂಬಳದ ಅರ್ಧ ಅದಕ್ಕೇ.

ಈ ಡೈಲಾಗಿನಿಂದಲೇ ನನ್ನನ್ನು ಭಜನಾ ಮೇಳದಿಂದ ಹೊರಗೆ ಹಾಕಿದ್ದು. ಅದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮಗೆ ಮುಂದಿನದು ತಲೆಗೆ ಹತ್ತುವುದಿಲ್ಲ.

ನಮ್ಮೂರ ಮಠದಲ್ಲಿ ಸೋಮವಾರ ಸಂಜೆ ಭಜನೆ. ಮುಂದಾಳು ಹೊಳಬಸಪ್ಪ ಕಾಕಾ. ಎರೆಹೊಲದಲ್ಲಿ ನಿಂತು ಕೂಗಿದರೆ ಮೂರನೆಯ ಹೊಲದ ಎತ್ತು ತಿರುಗಿ ನೋಡುವಂಥ ದನಿ. ಅವನು ಒಂದು ಸೊಲ್ಲು ಹಾಡಿ ಬಿಡುತ್ತಾನೆ, ಬಿಟ್ಟ ಕೂಡಲೇ ಹಿಂದೆ ಕೂತವರು ಅದನ್ನು ಎತ್ತಿಕೊಳ್ಳಬೇಕು. ಕಾಕಾ ಕೆಮ್ಮಲಿ, ನೀರು ಕುಡಿಯಲಿ, ರುಮಾಲು ಸರಿ ಮಾಡಿಕೊಳ್ಳಲಿ, ಅವನ ಬಾಯಿ ನಿಂತಲ್ಲಿ ಹಿಂದಿನವರ ಬಾಯಿ ಶುರುವಾಗಬೇಕು. ನಡುವೆ ಖಾಲಿ ಬಿದ್ದರೆ ಮುಂದಾಳಿಗೆ ಅವಮಾನ, ಮೇಳಕ್ಕೆ ಮರ್ಯಾದೆಗೇಡು. ನಾನು ಶಾಲೆಗೆ ಹೋಗುವಾಗಿನಿಂದ ಅಲ್ಲೇ, ಜಮಖಾನೆಯ ಎಡಮೂಲೆಯಲ್ಲಿ, ಕೈಯಲ್ಲಿ ತಾಳ ಹಿಡಿದು ಕೂರುತ್ತಿದ್ದೆ.

ಒಂದು ಸೋಮವಾರ ಕಾಕಾ ಸೊಲ್ಲು ಬಿಟ್ಟು ಉಸಿರು ಎಳೆದುಕೊಂಡ. ಮೈಕು ನನ್ನ ಹತ್ತಿರವೇ ಇತ್ತು. ಎಲ್ಲರೂ ಬಾಯಿ ತೆರೆಯುವ ಮೊದಲೇ ನಾನು ನನ್ನ ಡೈಲಾಗ್ ಬಿಟ್ಟೆ. ಅದೂ ಎಕೋ ಹಾಕಿ. “ಪರ್ಮಿಶನ್... ಮಿಶನ್... ಶನ್...” ಎಂದು ಮಠದ ಗೋಡೆಗಳೆಲ್ಲ ನನ್ನ ಪರವಾಗಿ ಮಾತಾಡಿದವು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ಕಾಕಾ ಬೈಯಲಿಲ್ಲ. ನನ್ನ ಕೈಯಿಂದ ತಾಳ ತೆಗೆದುಕೊಂಡು ಪಕ್ಕದವನಿಗೆ ಕೊಟ್ಟ.

“ಏಳು. ಮುಂದಿನಾಂವ ಸುಮ್ಮನಾದಾಗ ಸೊಲ್ಲ ಎತ್ತಾಕ ಆಗದಾಂವ ಮ್ಯಾಳದಾಗ ಯಾಕ ಕೂಡ್ರತಿ?”

ಎದ್ದು ಬಂದೆ. ನನಗೇನು? ಆ ಜಮಖಾನೆಗೆ ಇಲಿ ಕಡಿದ ತೂತು, ಮೂಲೆಯಲ್ಲಿ ಗೋಡೆಯ ಸುಣ್ಣ ಬೆನ್ನಿಗೆ ಹತ್ತುತ್ತದೆ. ಅಂಥ ಜಾಗಕ್ಕೆ ಯಾವನು ಅಳುತ್ತಾನೆ?

ಇನ್ನು ಶಗುಫ್ತಾ ಅಕ್ಕ. ಅವಳು ಬಾಬಾಸಾಬ ಚಾಚಾನ ಮಗಳು. ಚಾಚಾ ಮದುವೆಗಳಲ್ಲಿ ಸನಾದಿ ಊದುತ್ತಾನೆ, ಪಟ್ಟಣದವರು ಶಹನಾಯಿ ಅನ್ನುತ್ತೀರಲ್ಲ, ಅದೇ. ಅಕ್ಕ ಧಾರವಾಡದಲ್ಲಿ ಸಂಗೀತ ಓದಿ, ಗೋವಾದ ಶಾಲೆಯೊಂದರಲ್ಲಿ ಕಲಿಸಲು ಹೋಗಿ, ಅಲ್ಲಿನ ಇಗರ್ಜಿಯ ಗುಂಪಿನಲ್ಲಿ ಹಾಡಿ, ತಲೆ ಪೂರ್ತಿ ಕೆಡಿಸಿಕೊಂಡು ಅಳ್ನಾವರದ ಮೇಲಿಂದ ರೈಲಿನಲ್ಲಿ ವಾಪಸ್ ಬಂದಳು. ಈಗ ಕುಂದಗೋಳದ ಶಾಲೆಯಲ್ಲಿ ಸಂಗೀತದ ಟೀಚರು. ಅಲ್ಲಿನ ಸಂಗೀತಪ್ರಿಯರ ಬಳಗವೊಂದು ತನ್ನ ವಾರ್ಷಿಕೋತ್ಸವಕ್ಕೆ “ಏನಾರ ಹೊಸಾದು ಮಾಡವಾ” ಅಂದಿತಂತೆ. ಇವಳು ಹೊಸದು ಬಿಟ್ಟು ಹಳೆಯದರಲ್ಲೇ ಹಳೆಯದನ್ನು ಹಿಡಿದಳು. ನಾಲ್ಕು ನೂರು ವರ್ಷದ ಹಿಂದಿನ, ಯಾರು ಕಟ್ಟಿದ್ದೆಂದು ಯಾರಿಗೂ ಗೊತ್ತಿಲ್ಲದ, ನಾಲ್ಕು ದನಿಯ ಹಾಡು.

ಮೊದಲು ಧಾರವಾಡದ ಕಲಿತ ಗಾಯಕರನ್ನು ಕೇಳಿದಳಂತೆ. ಒಬ್ಬರು “ನಮ್ಮ ಘರಾಣೆಯಲ್ಲಿ ಇದಿಲ್ಲ” ಅಂದರು. ಇನ್ನೊಬ್ಬರು “ನನ್ನ ಜೊತೆ ಇನ್ನೂ ಮೂವರು ಹಾಡುವುದಾದರೆ ನಾನು ಯಾಕೆ ಬೇಕು?” ಅಂದರು. ಕೊನೆಗೆ ಅವಳ ಕಣ್ಣು ನಮ್ಮ ಮೇಳದ ಮೇಲೆ ಬಿತ್ತು. ದಾರಿಯಲ್ಲಿ ಗೂಳಿ ಸಿಗಲಿಲ್ಲವೆಂದು ಕೋಣವನ್ನು ಹಿಡಿದ ಹಾಗೆ.

ಚಾಚಾನ ಮನೆಯ ಪಡಸಾಲೆಯಲ್ಲಿ ಎಲ್ಲರನ್ನೂ ಕೂರಿಸಿದಳು. ಹೊಳಬಸಪ್ಪ ಕಾಕಾ, ಹೆಣ್ಣುಮಕ್ಕಳ ಭಜನೆಗೆ ಮುಂದಾಳಾದ ನೀಲಕ್ಕ, ಇನ್ನೂ ಒಂದಷ್ಟು ಮಂದಿ. ನಾನು ಮತ್ತು ಮುನಾಫ್ ಕರೆಯದೇ ಬಂದವರು, ಹೊಸ್ತಿಲ ಮೇಲೆ ಕೂತಿದ್ದೆವು. ಅಕ್ಕ ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಚಿತ್ರ ತೋರಿಸಿದಳು.

“ಇದು ಲ್ಯೂಟ್. ಬೆನ್ನ ನೋಡ್ರಿ, ಪೇರಲ ಹಣ್ಣ ಅರ್ಧಾ ಕೊಯ್ದ ಇಟ್ಟಂಗ ಐತಿ. ಅರಬರ ಊದ್ ಅನ್ನೂ ವಾದ್ಯ ಯುರೋಪಿಗೆ ಹೋಗಿ ಹಿಂಗಾತು.”

“ಅದರ ಕುತ್ತಿಗಿ ಯಾಕ ಮುರದೈತಿ?” ಅಂದೆ.

“ಮುರದಿಲ್ಲೋ. ತಂತಿ ಬಿಗೀಲಿ ಅಂತ ಹಿಂದಕ್ಕ ಬಾಗಿಸ್ಯಾರ.”

“ಹಂಗಾರ ಹುಟ್ಟಿದಾಗಿಂದನ ಮುರದೈತಿ ಅನ್ನು.”

ಮುಂದಿನದು ಕ್ರಮ್‌ಹಾರ್ನ್. ಥೇಟ್ ಕೊಡೆಯ ಹಿಡಿಕೆ. ಊದಿದರೆ ಅದುರಿ ದನಿ ಕೊಡುವ ಅದರ ಪತ್ತಿ ಒಂದು ಮುಚ್ಚಳದೊಳಗೆ ಅಡಗಿರುತ್ತದಂತೆ, ತುಟಿಗೆ ತಾಗುವುದೇ ಇಲ್ಲವಂತೆ. ಅಕ್ಕ ಅದರ ದನಿಯನ್ನೂ ಕೇಳಿಸಿದಳು. ದುಂಬಿಯನ್ನು ತಗಡಿನ ಡಬ್ಬಿಯಲ್ಲಿ ಹಾಕಿ ಅಲುಗಾಡಿಸಿದ ಹಾಗಿತ್ತು. “ಮಳಿ ಬಂದ್ರ ಇದನ್ನ ಬಿಚ್ಚತಾರೇನ?” ಎಂದು ಮುನಾಫ್ ಕೇಳಿದ. ಆಮೇಲೆ ವಯೋಲ್ ಅನ್ನುವ ಪಿಟೀಲಿನ ಅಕ್ಕ. ಅದನ್ನು ಭುಜದ ಮೇಲಲ್ಲ, ಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನು ಎಳೆಯುತ್ತಾರೆ. ನೀಲಕ್ಕ ಅದನ್ನು ನೋಡಿ, “ಕೂಸಿಗೆ ಎಣ್ಣಿ ಹಚ್ಚಾಕ ಕೂತಂಗ ಕೂತಾನ ನೋಡ್ರೆವಾ” ಅಂದಳು. ತೊಡೆಯ ಮೇಲೆ ಇಟ್ಟುಕೊಳ್ಳುವ ಪುಟ್ಟ ಆರ್ಗನ್ನೂ ಇತ್ತು. ಒಂದು ಕೈ ಪಟ್ಟಿ ಒತ್ತುತ್ತದೆ, ಇನ್ನೊಂದು ತಿದಿ ಒತ್ತುತ್ತದೆ.

“ನಮ್ಮ ಪೆಟಗಿ!” ಅಂದ ಕಾಕಾ. ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೆಟಗಿ ಅನ್ನುತ್ತಾರೆ.

“ಹತ್ತಿರದ್ದ ಕಾಕಾ. ಇದಕ್ಕ ಕೊಳವಿ, ನಮ್ಮದಕ್ಕ ಪತ್ತಿ.”

ಆಮೇಲೆ ಷಾಮ್ ಎಂಬುದು ಬಂತು. ಉದ್ದ ಕಟ್ಟಿಗೆಯ ಕೊಳವೆ, ತುದಿಗೆ ಅಗಲ ಬಾಯಿ, ಊದುವ ಕಡೆ ಎರಡು ಪದರದ ಪತ್ತಿ. ಅಲ್ಲಿಯವರೆಗೆ ಗೋಡೆಗೆ ಒರಗಿ ತೂಕಡಿಸುತ್ತಿದ್ದ ಬಾಬಾಸಾಬ ಚಾಚಾ ಧಡಕ್ಕನೆ ಎದ್ದ.

“ಏ! ಇದು ನಂದು! ಇದನ್ನ ಯಾವಾಂವ ಒಯ್ದಾ?”

“ಯಾರೂ ಒಯ್ದಿಲ್ಲ ಅಬ್ಬಾ. ಒಂದ ಬಳಗ. ಅತ್ತಾಗ ಹೋದದ್ದು ಷಾಮ್ ಆತು, ಇತ್ತಾಗ ಬಂದದ್ದು ಸನಾದಿ ಆತು. ಆಗ ವಾದ್ಯದಾಗ ಎರಡ ಪಂಗಡ ಇದ್ದೂ. ಜೋರಿನವು ಬಯಲಾಗ, ಮೆತ್ತಗಿನವು ಮನಿಯೊಳಗ. ಷಾಮ್ ಜೋರಿಂದು. ಲ್ಯೂಟ್ ಮೆತ್ತಗಿಂದು.”

“ಹಂಗಾರ ನಿಮ್ಮಬ್ಬಾ ಜೋರಿನ ಪಂಗಡ, ನೀ ಮೆತ್ತಗಿನ ಪಂಗಡ. ನಾ ಅಂತೂ ಆ ಎರಡಕ್ಕೂ ಅಪ್ಪ,” ಅಂದೆ. ಯಾರೂ ನಗಲಿಲ್ಲ. ಇಂಥವರ ಮುಂದೆ ಟ್ಯಾಲೆಂಟು ಬಿಚ್ಚಬಾರದು.

ಆಮೇಲೆ ದನಿಗಳ ಕತೆ. ಮೊದಮೊದಲು ಅಲ್ಲಿನ ಮಠಗಳಲ್ಲಿ ಸನ್ಯಾಸಿಗಳೆಲ್ಲ ಕೂಡಿ ಒಂದೇ ಧಾಟಿ ಹಾಡುತ್ತಿದ್ದರಂತೆ, ವಾದ್ಯವಿಲ್ಲ, ತಾಳವಿಲ್ಲ. ಯಾವನೋ ಆ ಧಾಟಿಯ ಮೇಲೆ ಇನ್ನೊಂದು ಧಾಟಿ ಕೂರಿಸಿದ. ನೂರಾರು ವರ್ಷ ಕಳೆಯುವ ಹೊತ್ತಿಗೆ ಮೂರಾಯಿತು, ನಾಲ್ಕಾಯಿತು. ನಾಲ್ವರು, ನಾಲ್ಕು ಬೇರೆ ಬೇರೆ ಧಾಟಿ, ಒಂದೇ ಹೊತ್ತಿಗೆ.

“ನಮ್ಮ ಗ್ರಾಮ ಪಂಚಾಯ್ತಿ ಮೀಟಿಂಗ್,” ಅಂದೆ.

ಕಾಕಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಗಡ್ಡ ಕೆರೆದುಕೊಂಡು, “ನಾಕ ಮಂದಿ ನಾಕ ದಾರಿ ಹಿಡದು ಒಂದ ಊರ ಮುಟ್ಟತಾರಂದ್ರ... ನೋಡೂಣು ತಗೋ. ಶಬ್ದಾ ಏನೇನ ಅದಾವು?” ಎಂದು ಕೇಳಿದ.

“ಎರಡ ಮಾತು ಕಾಕಾ. ದೇವಾ, ಕರುಣಿಸು, ಅಷ್ಟ.”

“ಅಷ್ಟಕ್ಕ ನಾಕ ಮಂದಿ ಬೇಕಾತ?”

“ಒಬ್ಬರ ಹೇಳಿದ್ರ ಕೇಳಿಸಿರಾಕಿಲ್ಲ ಆ ದೇವರಿಗೆ,” ಅಂದಳು ನೀಲಕ್ಕ.

ಅಕ್ಕ ದನಿ ಹಂಚಿದಳು. ಎಲ್ಲಕ್ಕಿಂತ ಮೇಲಿನದು ಸೊಪ್ರಾನೊ, ಅದು ನೀಲಕ್ಕನಿಗೆ. ಆ ಕಾಲದ ಇಗರ್ಜಿಗಳಲ್ಲಿ ಹೆಂಗಸರಿಗೆ ಹಾಡಲು ಬಿಡುತ್ತಿರಲಿಲ್ಲ, ಮೇಲಿನ ದನಿಯನ್ನು ಸಣ್ಣ ಹುಡುಗರಿಂದ ಹಾಡಿಸುತ್ತಿದ್ದರು ಎಂದಾಗ ನೀಲಕ್ಕನ ಮೂಗಿನ ತುದಿ ಕೆಂಪಾಯಿತು. “ಕಸಾ ತಗಿಯಾಕ ಮಾತ್ರ ಹೆಣ್ಣಮಕ್ಕಳ ಬೇಕೇನ ಅವರಿಗೂ? ತಾ ಇಲ್ಲೆ. ನಾ ಹಾಡತೇನಿ.” ಅದರ ಕೆಳಗಿನ ಆಲ್ಟೊ ಅಕ್ಕನದೇ. ಎಲ್ಲಕ್ಕಿಂತ ಕೆಳಗಿನ, ಅಡಿಪಾಯದ ಬಾಸ್ ದನಿ ಹೊಳಬಸಪ್ಪ ಕಾಕಾನದು. ನಡುವಿನದು ಉಳಿಯಿತು.

“ಅದು ಟೆನರ್. ಟೆನರ್ ಅಂದ್ರ ಹಿಡಿಯಾಂವ. ಹಳೇ ಮಠದ ಧಾಟಿ ಅವನ ಕಡೆ ಇರತೈತಿ. ಒಂದೊಂದು ಸ್ವರಾ ಉದ್ದಕ ಹಿಡಕೊಂಡ ನಿಂದ್ರಬೇಕು. ಉಳದ ಮೂವರೂ ಅವನ ಸುತ್ತ ತಿರಗತಾರ. ಅಂವಾ ಕೈಬಿಟ್ರ ಎಲ್ಲಾ ಕುಸದ ಬೀಳತೈತಿ.” ಹೀಗೆ ಹೇಳಿ ಅಕ್ಕ ಹೊಸ್ತಿಲ ಕಡೆ ಬೆರಳು ಮಾಡಿದಳು. “ಪ್ರಭುನ ತಗೋಳೂಣು.”

ಕಾಕಾ ನಕ್ಕ ನಗೆಗೆ ಚಾಚಾನ ಮನೆಯ ಕೋಳಿ ಹೊರಗೆ ಓಡಿತು.

“ಹಿಡಿಯಾಂವ? ಇಂವಾ? ಇಂವಗ ತನ್ನ ಪ್ಯಾಂಟ ಸೊಂಟದ ಮ್ಯಾಲ ಹಿಡಿಯಾಕ ಬರೂದಿಲ್ಲ!”

“ದನಿ ಐತಿ ಕಾಕಾ. ಜನರೇಟರ್ ಗತೆ ಒಂದ ಸಮ ಗುಂಯ್ ಅಂತೈತಿ.”

ಇದು ಹೊಗಳಿಕೆಯೋ ಬೈಗುಳವೋ ನನಗೆ ಇನ್ನೂ ಗೊತ್ತಾಗಿಲ್ಲ. ನಾನು ಎದ್ದು ಕಾಲರ್ ಎತ್ತಿದೆ. “ಟೆನರ್ ನಾನಲ್ಲ ಅಕ್ಕಾ. ನಾ ನಿಂತ ಜಾಗಾನ ಟೆನರ್!” ಮುನಾಫ್ ಡುಮ್ ಡುಮ್ ಅಂದ.

ಕಾಕಾ ನಗು ನಿಲ್ಲಿಸಿ ಬಹಳ ಹೊತ್ತಿನ ಮೇಲೆ ಮೊದಲ ಸಲ ನನ್ನ ಮುಖ ನೋಡಿದ. “ಹಂಗಾರ ಕೇಳಲೇ. ಕೊನೀತನಕ ನಿನ್ನ ದಾರಿ ಬಿಡದ ಹಿಡಕೊಂಡ ನಿಂತಿ ಅಂದ್ರ, ಕಾರ್ಯಕ್ರಮ ಆದ ಮುಂದಿನ ಸೋಮವಾರ ಮಠಕ್ಕ ಬಾ. ನಿನ್ನ ಜಾಗಾದಾಗ ಕೂಡ್ರು. ಮಂಗ್ಯಾನಾಟ ಮಾಡಿದಿ, ಆ ಕಟ್ಟಿ ಸೈತ ಹತ್ತಬ್ಯಾಡ.”

ನಾನು ಹಲ್ಲು ಕಿರಿದೆ. ನೀವೇ ಹೇಳಿ, ತೂತುಬಿದ್ದ ಜಮಖಾನೆಯ ಆಸೆ ತೋರಿಸಿ ನನ್ನಂಥವನನ್ನು ಪಳಗಿಸುತ್ತಾನಂತೆ!

ಪ್ರಾಕ್ಟೀಸು ಶುರುವಾಯಿತು. ನಾನು ಹೋಗುತ್ತಿದ್ದುದು ಚಾಚಾನ ಮನೆಯ ಶುಂಠಿ ಚಹಾಕ್ಕೆ, ಅಷ್ಟೇ. ಅಕ್ಕ ಒಬ್ಬೊಬ್ಬರ ಕೈಗೆ ಒಂದೊಂದು ಹಾಳೆ ಕೊಟ್ಟಳು, ಅದರಲ್ಲಿ ಅವರವರ ದನಿ ಮಾತ್ರ. ಆ ಕಾಲದಲ್ಲೂ ಹಾಗೇ ಇತ್ತಂತೆ, ಒಬ್ಬನ ಪುಸ್ತಕದಲ್ಲಿ ಒಬ್ಬನದೇ ಧಾಟಿ, ಉಳಿದವರದು ಕಾಣುವುದಿಲ್ಲ. ಬಾಜೂ ಮನೆಯವ ಏನು ಮಾಡುತ್ತಿದ್ದಾನೆ ಎಂದು ಇಣುಕದೆ ಬದುಕುವ ಜನ! ಇಂಥವರ ಸಂಗೀತ ನಮ್ಮೂರಿಗೆ ಹೇಗೆ ಹೊಂದೀತು? ತಾಳ ತಟ್ಟುವ ಹಾಗಿಲ್ಲ. ಕೈ ಕೆಳಗೆ, ಕೈ ಮೇಲೆ, ಕೆಳಗೆ, ಮೇಲೆ, ಬಾವಿಯಿಂದ ನೀರು ಸೇದಿದ ಹಾಗೆ ಅಕ್ಕ ಆಡಿಸುತ್ತಿದ್ದಳು, ನಾವು ಅದನ್ನೇ ನೋಡಬೇಕು.

ಎಲ್ಲರಿಗಿಂತ ದೊಡ್ಡ ತಕರಾರು ಕಾಕಾನದು. ಅವನ ಹಾಳೆಯಲ್ಲಿ ನಡುವೆ ಒಂದು ಕಡೆ ಖಾಲಿ ಜಾಗವಿತ್ತು. ಉಳಿದವರು ಹಾಡುವಾಗ ಬಾಸ್ ಸ್ವಲ್ಪ ಹೊತ್ತು ಸುಮ್ಮನಿದ್ದು, ಎಣಿಸಿ, ಮತ್ತೆ ಸೇರಬೇಕು. ಕಾಕಾ ಒಂದು ದಿನವೂ ಅಲ್ಲಿ ಸುಮ್ಮನಿರಲಿಲ್ಲ. ಹ್ಞೂಂ ಹ್ಞೂಂ ಎಂದು ಏನಾದರೂ ತುಂಬುತ್ತಿದ್ದ.

“ಕಾಕಾ, ಅಲ್ಲಿ ಸುಮ್ಮನಿರಬೇಕ್ರಿ. ಸುಮ್ಮನಿರೂದೂ ಹಾಡಿನಾಗಿಂದ.”

“ಮುಂದಿನಾಂವ ಸುಮ್ಮನಾದ್ರ ಮ್ಯಾಳ ಸತ್ತಂಗ, ತಂಗಿ.”

“ಇಲ್ಲಿ ಮುಂದಿನಾಂವ ಅಂತ ಯಾರೂ ಇಲ್ರಿ. ನಾಲ್ಕೂ ಸಮ.”

“ನನ್ನ ಬಾಯಿಗೆ ಅದು ತಿಳಿಯೂದಿಲ್ಲ,” ಎಂದು ಕಾಕಾ ಮತ್ತೆ ಹ್ಞೂಂಕರಿಸಿದ. ಅಕ್ಕ ಹಣೆ ಒತ್ತಿಕೊಂಡಳು. ನಾನು ಚಹಾ ಹೀರಿದೆ. ಯಾವ ಸಲವೂ ಆ ಖಾಲಿ ಜಾಗ ಖಾಲಿಯಾಗಿ ನನ್ನ ಕಿವಿಗೆ ಬೀಳಲಿಲ್ಲ.

ಕಾರ್ಯಕ್ರಮದ ದಿನ ಕುಂದಗೋಳದ ಸಭಾಭವನದಲ್ಲಿ ಮೈಕು ನಮ್ಮದೇ, ಮಿಕ್ಸರಿನ ಮುಂದೆ ಮುನಾಫ್. ಸಭಿಕರನ್ನು ನೀವು ನೋಡಬೇಕಿತ್ತು. ಮೊದಲ ಸಾಲಿನಲ್ಲಿ ರೇಶ್ಮೆ ಜುಬ್ಬಾಗಳು. ತಂಬೂರಿ ಶ್ರುತಿ ಮಾಡುವಾಗಲೇ “ವಾಹ್” ಅನ್ನುವ ಜಾತಿ. ಎರಡನೆಯ ಸಾಲಿನಲ್ಲಿ ಫೋನು ಎತ್ತಿ ಹಿಡಿದವರು, ತಮ್ಮ ಕಣ್ಣಿಂದ ಏನನ್ನೂ ನೋಡಬಾರದೆಂದು ಹರಕೆ ಹೊತ್ತವರ ಹಾಗೆ. ಹಿಂದೆ ಊಟಕ್ಕೆ ಬಂದವರು. ಅವರು ಮಾತ್ರ ಪ್ರಾಮಾಣಿಕರು. ನಾನು ಸ್ಟೇಜು ಹತ್ತುವ ಮೊದಲು ಮುನಾಫನ ಭುಜ ತಟ್ಟಿ, “ನೋಡ್ತಿರಲೇ, ಇವತ್ತ ಕ್ಲೈಮ್ಯಾಕ್ಸ್ ನಂದ,” ಅಂದಿದ್ದೆ. ಸುತ್ತ ನಾಲ್ಕು ಜನ ಕೇಳಿಸಿಕೊಂಡಿದ್ದರು.

ಮೊದಲು ಅಕ್ಕ ನೆಟ್ಟಗೆ ಹಿಡಿದು ಊದುವ ರೆಕಾರ್ಡರ್ ಎಂಬ ಕಟ್ಟಿಗೆಯ ಕೊಳಲಿನಲ್ಲಿ ಹಾಡಿನ ಧಾಟಿ ನುಡಿಸಿದಳು. ಚಾಚಾ ಅದನ್ನೇ ಸನಾದಿಯಲ್ಲಿ ನುಡಿಸಿದ. ಅಕ್ಕನದು ಮೊದಲ ಸಾಲಿನವರಿಗೆ ಕೇಳಿಸಿತು, ಚಾಚಾನದು ರೈಲ್ವೆ ಸ್ಟೇಷನ್ನಿಗೂ ಕೇಳಿಸಿರಬೇಕು. ಜೋರಿನ ಪಂಗಡವನ್ನು ಬಯಲಿಗೆ ಯಾಕೆ ಕಳಿಸಿದ್ದರೆಂದು ಆಗ ಎಲ್ಲರಿಗೂ ತಿಳಿಯಿತು.

ಆಮೇಲೆ ನಾವು ನಾಲ್ವರು. ಅಕ್ಕನ ಕೈ ಕೆಳಗಿಳಿಯಿತು. ಶುರು.

ಎಲ್ಲ ಸುರಳೀತವಾಗಿ ನಡೆಯಿತು. ನಾನು ಕಂಬದ ಹಾಗೆ ನಿಂತು ನನ್ನ ಉದ್ದ ಸ್ವರ ಹಿಡಿದಿದ್ದೆ. ನೀಲಕ್ಕ ಮೇಲೆ, ಅಕ್ಕ ಬಾಜೂ, ಕಾಕಾ ಕೆಳಗೆ, ಮೂರೂ ದನಿ ನನ್ನನ್ನು ಸುತ್ತುತ್ತಿದ್ದವು. ಆಗ ನಾನು, ರೈಲಿನ ಹಳಿ ಬದಲಿಸುವವನ ಹಾಗೆ, ಲೀವರ್ ಎಳೆದೆ. ಅಂದರೆ, ನನ್ನ ಸ್ವರವನ್ನು ಎತ್ತಿ ಎಸೆದು ಕಾಕಾನ ಸೊಲ್ಲನ್ನು ಎತ್ತಿಕೊಂಡೆ, ಭಜನೆಯ ಹಾಗೆ, ಗಟ್ಟಿಯಾಗಿ, ಎದೆ ತುಂಬಿ. ಹಿಡಿಯುವವ ಕೈಬಿಟ್ಟ. ನೀಲಕ್ಕನ ಬಾಯಿ ಒಂದು ಗಳಿಗೆ ಗಾಳಿಯಲ್ಲಿ ನಿಂತಿತು. ಆಮೇಲೆ ಅವಳೂ ಅಭ್ಯಾಸದ ಬಲಕ್ಕೆ ನನ್ನ ಹಿಂದೆ ಅದೇ ಸೊಲ್ಲು ಹಿಡಿದಳು, ಸಾಲದೆ ಚಪ್ಪಾಳೆಯಲ್ಲಿ ತಾಳವನ್ನೂ ಹಾಕಿದಳು. ಅಕ್ಕ ಒಬ್ಬಳೇ ತನ್ನ ಆಲ್ಟೊ ಹಿಡಿದು, ತುಂಬಿದ ಹಳ್ಳದಲ್ಲಿ ಮುಳ್ಳುಕಂಟಿ ಹಿಡಿದವಳ ಹಾಗೆ ಹೆಣಗಿದಳು. ಊಟಕ್ಕೆ ಬಂದವರಿಗೆ ಕೊನೆಗೂ ತಮಗೆ ತಿಳಿಯುವಂಥದ್ದು ಸಿಕ್ಕಿತು, ಅವರೂ ಚಪ್ಪಾಳೆ ಹಾಕಿದರು. ಯುರೋಪಿನ ದೇವರು ಎರೆಮಣ್ಣಿನ ಭಜನೆಗೆ ಕೂತುಬಿಟ್ಟ.

ಮುಗಿದಾಗ ರೇಶ್ಮೆ ಜುಬ್ಬಾಗಳು ಎದ್ದು ನಿಂತವು. ಅಧ್ಯಕ್ಷರು ಮೈಕು ಹಿಡಿದು, “ಪೂರ್ವ ಪಶ್ಚಿಮಗಳ ಅಪರೂಪದ ಸಂಗಮ! ಆ ತಿರುವಂತೂ ಪೂರ್ವಯೋಜಿತ ಚಮತ್ಕಾರ!” ಅಂದರು. ನೋಡಿ, ಇಂಥವರ ಮುಂದೆ ಸರಿಯಾಗಿ ಹಾಡಿದ್ದರೂ ಒಂದೇ, ಕತ್ತೆ ಒದರಿದ್ದರೂ ಒಂದೇ.

ಸ್ಟೇಜಿನ ಹಿಂದಿನ ಕೋಣೆಯಲ್ಲಿ ಅಕ್ಕ ನನ್ನ ಹಾಳೆ ಕಸಿದುಕೊಂಡಳು.

“ಒಂದ ಹಾಡ, ಪ್ರಭು. ಒಂದ ಒಂದು ಹಾಡ ಪೂರಾ ಆಗಾಕ ಬಿಡಲಿಲ್ಲಲ್ಲೋ ನೀನು.” ಕಣ್ಣಲ್ಲಿ ನೀರಿರಲಿಲ್ಲ, ಅದಕ್ಕೇ ನೋಡಲು ಕಷ್ಟವಾಯಿತು. “ಅವರು ಹೊಗಳ್ಯಾರ. ಅದ ಕೆಟ್ಟದ್ದು. ಅವರಿಗೆ ಹಾಡ ಕೆಟ್ಟದ್ದ ಗೊತ್ತ ಆಗಲಿಲ್ಲ.”

ಮುನಾಫ್ ಮತ್ತವನ ಗುಂಪು ಬಾಗಿಲಲ್ಲಿ ಸೀಟಿ ಹೊಡೆಯುತ್ತ ನಿಂತಿತ್ತು. “ಏ ಹೀರೋ! ಕ್ಲೈಮ್ಯಾಕ್ಸ್ ಅಂದ್ರ ಇದಪಾ!”

ಕಾಕಾ ಮೂಲೆಯ ಕುರ್ಚಿಯಲ್ಲಿ ಕೂತು ರುಮಾಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಬಾ ಎಂದು ಕೈ ಮಾಡಿದ. ಹೋದೆ.

“ಒಂದ ಮಾತ ಕೇಳತೇನಿ. ಬೇಕಂತ ಮಾಡಿದ್ಯೋ, ತಾನ ಆತೋ?”

ದನಿಯಲ್ಲಿ ಸಿಟ್ಟಿರಲಿಲ್ಲ. ಬೀಜ ಕೊಳ್ಳುವಾಗ ಅಂಗಡಿಯವನಿಗೆ ಕೇಳುವ ಹಾಗೆ ಕೇಳಿದ. ಬಾಗಿಲಲ್ಲಿ ಸೀಟಿ ನಿಂತಿತು. ಮುನಾಫ್ ನನ್ನನ್ನೇ ನೋಡುತ್ತಿದ್ದ, ಬಾಯಲ್ಲಿ ಡುಮ್ ಡುಮ್ ರೆಡಿ ಇತ್ತು.

ನಾನು ಕಾಲರ್ ಎತ್ತಿದೆ. “ಕಾಕಾ, ಈ ಏರಿಯಾದಾಗ ಹಾಡ ಹುಟ್ಟಬೇಕಂದ್ರೂ ಸಾಯಬೇಕಂದ್ರೂ ನನ್ನ ಪರ್ಮಿಶನ್ ಬೇಕು!”

ಗುಂಪು ಕೇಕೆ ಹಾಕಿತು. ಕಾಕಾ ರುಮಾಲು ಸುತ್ತಿಕೊಂಡು ಎದ್ದ. ನನ್ನನ್ನು ದಾಟಿ ಹೋಗುವಾಗ ನಿಂತ.

“ತಾನ ಆಗಿದ್ರ ಸೋಮವಾರ ಬಾ ಅಂತಿದ್ದೆ. ಮ್ಯಾಳದ ಕಿವಿ ಇದ್ದಾಂವಗ ಮಾತ್ರ ಆ ತಪ್ಪ ಆಗತೈತಿ. ಬೇಕಂತ ಮಾಡಿದಿ ಅಂದ ಮ್ಯಾಲ ಮುಗೀತು, ಬಿಡು.”

ಅಷ್ಟೇ. ಹೋದ.

ಊರಿನಲ್ಲಿ ಈಗ ಈ ಕತೆ ನನ್ನ ಹೆಸರಲ್ಲಿ ಓಡುತ್ತಿದೆ. ಚಹಾದಂಗಡಿಯಲ್ಲಿ ದಿನಕ್ಕೊಬ್ಬರು ಆ ಲೀವರ್ ಎಳೆದದ್ದನ್ನು ಮಾಡಿ ತೋರಿಸು ಅನ್ನುತ್ತಾರೆ, ನಾನು ತೋರಿಸುತ್ತೇನೆ. ನಿಮಗೂ ಹಾಗೇ ಹೇಳಿ ಮುಗಿಸಬೇಕೆಂದಿದ್ದೆ. ಆದರೆ ನೀವು ಯರಗುಪ್ಪಿಯವರಲ್ಲ, ನಿಮ್ಮ ಮುಂದೆ ಕಾಲರ್ ಎತ್ತಿ ನನಗೆ ಏನೂ ಸಿಗುವುದಿಲ್ಲ.

ಯಾವ ಲೀವರೂ ಇರಲಿಲ್ಲ.

ಶುಂಠಿ ಚಹಾದ ಮಾತೂ ಸುಳ್ಳು. ಅಂಗಡಿಯ ಶೆಟರ್ ಎಳೆದು, ಜನರೇಟರ್ ಹಚ್ಚಿ, ಅದರ ಗುಂಯ್ ದನಿಯ ಮೇಲೆ ನನ್ನ ಸ್ವರ ಕೂರಿಸಿ ಕೂರಿಸಿ ಡೀಸೆಲ್ ಖಾಲಿ ಮಾಡಿದ್ದೆ. ಕರೆಂಟು ಇದ್ದಾಗಲೂ ಜನರೇಟರ್ ಯಾಕೆ ಹಚ್ಚುತ್ತೀಯೆಂದು ಮುನಾಫ್ ಕೇಳಿದಾಗ ಸರ್ವಿಸಿಂಗ್ ಅಂದಿದ್ದೆ. ಕ್ಲೈಮ್ಯಾಕ್ಸ್ ನಂದ ಅಂದಾಗ ನನ್ನ ತಲೆಯಲ್ಲಿದ್ದದ್ದು ಕೊನೆಯ ಉದ್ದ ಸ್ವರ. ಉಳಿದ ಮೂವರೂ ತಿರುಗಿ ತಿರುಗಿ ನನ್ನ ಹತ್ತಿರವೇ ಬಂದು ನಿಲ್ಲುವ ಜಾಗ ಅದು. ಅದನ್ನು ಬಿಡದೆ ಹಿಡಿದು ನಿಂತು, ಮುಗಿದ ಮೇಲೆ ಕಾಕಾನ ಮುಖ ನೋಡಬೇಕೆಂದಿದ್ದೆ.

ಸ್ಟೇಜಿನ ಮೇಲೆ ಆದದ್ದು ಇಷ್ಟು. ನಾನು ಹಿಡಿದು ನಿಂತಿದ್ದೆ. ಕೆಳಗಿನಿಂದ ಕಾಕಾನ ದನಿ ಬರುತ್ತಲೇ ಇತ್ತು, ಗೋಡೆಗೆ ಬೆನ್ನು ಒರಗಿಸಿದ ಹಾಗೆ ನಾನು ಅದಕ್ಕೆ ಒರಗಿದ್ದೆ. ಒಮ್ಮೆಲೇ ಆ ದನಿ ನಿಂತಿತು. ಗೋಡೆ ಇಲ್ಲ. ಕಾಕಾನ ಉಸಿರು ಹೋಯಿತು, ಮುದುಕ ಬಿದ್ದ, ಸೊಲ್ಲು ನೆಲಕ್ಕೆ ಬಿತ್ತು ಅಂದುಕೊಂಡೆ. ತಲೆ ಇನ್ನೂ ಯೋಚನೆ ಮಾಡುತ್ತಿತ್ತು, ಅಷ್ಟರಲ್ಲಿ ಗಂಟಲು ಆಗಲೇ ಅವನ ಸೊಲ್ಲು ಎತ್ತಿಕೊಂಡಿತ್ತು.

ಹಾಡುತ್ತಲೇ ಬಾಜೂ ನೋಡಿದೆ. ಕಾಕಾ ನೆಟ್ಟಗೆ ನಿಂತಿದ್ದ. ತುಟಿ ಬಿಗಿದಿದ್ದ. ಬಲಗೈಯ ಬೆರಳು ಧೋತರದ ಮೇಲೆ ಮೆಲ್ಲಗೆ ಕೆಳಗೆ, ಮೇಲೆ, ಕೆಳಗೆ, ಮೇಲೆ ಆಡುತ್ತಿತ್ತು. ಆ ಮುದುಕ ಯಾರಿಗೂ ಹೇಳದೆ ಮನೆಯಲ್ಲಿ ಸುಮ್ಮನಿರುವುದನ್ನು ಕಲಿತುಕೊಂಡು ಬಂದಿದ್ದ. ಅವತ್ತು ಮೊದಲ ಸಲ ಸರಿಯಾಗಿ ಸುಮ್ಮನಾಗಿದ್ದ. ನಾನು ಅದರ ಮೇಲೆ ಭಜನೆ ಮಾಡಿದೆ.

ಇದನ್ನು ಆ ಕೋಣೆಯಲ್ಲಿ ಎರಡೇ ಮಾತಿನಲ್ಲಿ ಹೇಳಬಹುದಿತ್ತು. ತಾನ ಆತು. ಮುನಾಫ್ ನಿಂತಿದ್ದ, ಸೀಟಿ ನಿಂತಿತ್ತು, ಪ್ರಭು ಪ್ರಾಕ್ಟೀಸ್ ಮಾಡಿ ತಪ್ಪಿದ ಅನ್ನಿಸಿಕೊಳ್ಳುವುದಕ್ಕಿಂತ ಪ್ರಭು ಬೇಕಂತಲೇ ಕೆಡಿಸಿದ ಅನ್ನಿಸಿಕೊಳ್ಳುವುದು ಅಗ್ಗವಾಗಿ ಕಂಡಿತು. ಯುರೋಪನ್ನು ಉರುಳಿಸಿದವನಿಗೆ ಎರಡು ಮಾತು ಆಗಲಿಲ್ಲ.

ಮೊನ್ನೆ ಸೋಮವಾರ ಸಂಜೆ ಅಂಗಡಿಯಲ್ಲಿದ್ದೆ. ಮಠ ನಾಲ್ಕು ಮನೆ ಆಚೆ. ಕಾಕಾ ಒಂದು ಸೊಲ್ಲು ಹಾಡಿ ಬಿಟ್ಟ. ನಾನು ವೈರು ಸುತ್ತುತ್ತಿದ್ದವನು ಇಲ್ಲಿಂದಲೇ ಎತ್ತಿಕೊಂಡೆ.

“ಏನಂದಿ?” ಎಂದು ಮುನಾಫ್ ಕೇಳಿದ.

“ಏನಿಲ್ಲ. ಮೈಕ್ ಟೆಸ್ಟಿಂಗ್.”

ಮೈಕು ಮಠದಲ್ಲಿತ್ತು.